ಅಂಬ್ಲಿಗೊಳ ಸೀಮೆ
ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ–ಸೊರಬ ತಾಲ್ಲೂಕುಗಳ ಅರೆಮಲೆನಾಡು ಪ್ರದೇಶ. ಪಶ್ಚಿಮಘಟ್ಟದ ಮಳೆಕಾಡು ಇಲ್ಲಿ ಬಯಲುಸೀಮೆಗೆ ಎಡೆಗೊಡುತ್ತದೆ. ಗುಡ್ಡಗಳಲ್ಲಿ ಎಲೆಯುದುರುವ ಕಾಡು, ತಗ್ಗಿನಲ್ಲಿ ಅಡಿಕೆ ತೋಟ, ಗದ್ದೆ, ಸಾಲುಕೆರೆಗಳಿವೆ. ಶಿಕಾರಿಪುರದ ಕುಮುದ್ವತಿ ನದಿ ತುಂಗಭದ್ರೆಯನ್ನೂ, ಸೊರಬದ ದಂಡಾವತಿ ನದಿ ವರದೆಯನ್ನೂ ಸೇರುತ್ತವೆ. ಅಂಬ್ಲಿಗೊಳ, ಅಂಜನಾಪುರ ಜಲಾಶಯಗಳು ಶಿಕಾರಿಪುರ ತಾಲ್ಲೂಕಿನ ಗದ್ದೆ–ತೋಟಗಳಿಗೆ ನೀರುಣಿಸುತ್ತವೆ.

ಸೊರಬ ತಾಲ್ಲೂಕಿನ ಚಂದ್ರಗುತ್ತಿ ಬೆಟ್ಟ ಸುಮಾರು 848 ಮೀಟರ್ ಎತ್ತರವಿದೆ. ಅದರ ಮೇಲೆ ಕೋಟೆಯ ಅವಶೇಷಗಳೂ, ಬಂಡೆಯ ಗುಹೆಯಲ್ಲಿ ರೇಣುಕಾಂಬೆಯ ಗುಡಿಯೂ ಇವೆ.

ಈ ಸೀಮೆಯ ತಾಳಗುಂದದಲ್ಲಿರುವ 5ನೇ ಶತಮಾನದ ಸ್ತಂಭಶಾಸನ ಕದಂಬ ಮಯೂರಶರ್ಮನ ಏಳಿಗೆಯನ್ನು ಹೇಳುತ್ತದೆ; ಕವಿ ಕುಬ್ಜನ ಸಂಸ್ಕೃತ ಪದ್ಯಗಳನ್ನು ಎಂಟು ಮುಖದ ಕಂಬದ ಮೇಲೆ ಉದ್ದುದ್ದಕ್ಕೆ ಕೊರೆಯಲಾಗಿದೆ. ಬಳ್ಳಿಗಾವೆ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆಯಿತು. ಅಲ್ಲಿನ ಕೇದಾರೇಶ್ವರ ಗುಡಿ ಮೂರು ಗರ್ಭಗೃಹಗಳ ತ್ರಿಕೂಟ ದೇವಾಲಯ. ಅಲ್ಲಮಪ್ರಭುವಿನ ಹುಟ್ಟೂರು ಬಳ್ಳಿಗಾವೆ, ಅಕ್ಕಮಹಾದೇವಿಯದು ಹತ್ತಿರದ ಉಡುತಡಿ. ಸೊರಬದ ಗುಡಿಗಾರರ ಗಂಧದ ಕೆತ್ತನೆ ಇಂದಿಗೂ ಹೆಸರಾಗಿದೆ.