ಹಲವರ ಗಣಕಯಂತ್ರ, ಒಬ್ಬೊಬ್ಬರ ಏರ್ಪಾಡು

ಒಂದೇ ಗಣಕಯಂತ್ರವನ್ನು ಹಲವರು ಬಳಸುವಲ್ಲಿ ಒಬ್ಬೊಬ್ಬರ ಇಷ್ಟಾನುಸಾರವಾದ ಏರ್ಪಾಡುಗಳನ್ನು ಎಲ್ಲಿ ಕಾಪಾಡಿಡಬೇಕು? ವಿದ್ಯಾಸಂಸ್ಥೆಗಳು ನೆಲೆಗೊಂಡಿರುವ ನಾಗರಬಾವಿಯಂತಹ ಎಡೆಗಳಲ್ಲಿ ಇದು ನಿತ್ಯದ ಪ್ರಶ್ನೆ. ಮೇಲುನೋಟಕ್ಕೆ ಕೇವಲ ತಾಂತ್ರಿಕವೆಂದು ತೋರಿದರೂ, ಯಂತ್ರದ ಒಡೆತನವಿಲ್ಲದವರಿಗೂ ಅದರಲ್ಲಿ ಸ್ವಂತ ಸ್ಥಾನವುಂಟೇ ಎಂಬುದೇ ಇದರ ತಿರುಳೆಂದು ನಾವು ಭಾವಿಸುತ್ತೇವೆ.

1961ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಪ್ರದರ್ಶಿಸಿದ ಕಾಲಹಂಚಿಕೆಯ ವ್ಯವಸ್ಥೆಯು ಪ್ರತಿಯೊಬ್ಬ ಬಳಕೆದಾರನಿಗೂ ಗುಪ್ತಪದವನ್ನೂ ಪ್ರತ್ಯೇಕ ಕಡತಕೋಶವನ್ನೂ ಒದಗಿಸಿತು. ಯುನಿಕ್ಸ್ ಈ ಪದ್ಧತಿಯನ್ನು ಮುಂದುವರಿಸಿತು. ಆದರೆ 1981ರಲ್ಲಿ ಬಂದ ಐಬಿಎಂ ವೈಯಕ್ತಿಕ ಗಣಕದ ಡಾಸ್ ವ್ಯವಸ್ಥೆಯು ಬಳಕೆದಾರನೆಂಬ ಕಲ್ಪನೆಯನ್ನೇ ಕೈಬಿಟ್ಟಿತು. ಒಬ್ಬನು ಮಾಡಿದ ಮಾರ್ಪಾಡು ಅನಂತರ ಬಂದವರೆಲ್ಲರಿಗೂ ಅನ್ವಯಿಸುತ್ತಿತ್ತು. 1993ರ ವಿಂಡೋಸ್ ಎನ್‌ಟಿಯಲ್ಲಿ ಪ್ರತ್ಯೇಕ ಖಾತೆಗಳು ಮರಳಿ ಬಂದವು; 2001ರ ವಿಂಡೋಸ್ ಎಕ್ಸ್‌ಪಿ ಅವನ್ನು ಮನೆಮನೆಗೆ ತಲುಪಿಸಿತು.

ಕನ್ನಡಿಗರಿಗೆ ಇದರ ಮಹತ್ತ್ವ ಸಾಮಾನ್ಯವಾದುದಲ್ಲ. ಒಬ್ಬರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯು ರೂಢಿಯಾದರೆ ಇನ್ನೊಬ್ಬರಿಗೆ ಕೆ. ಪಿ. ರಾವ್ ಅವರ ವಿನ್ಯಾಸವು ಕೈಗೆ ಹತ್ತಿರುತ್ತದೆ. ಎಕ್ಸ್‌ಪಿಯಲ್ಲಿ ಕೀಲಿಮಣೆಯ ಆಯ್ಕೆಯು ಬಳಕೆದಾರನ ಖಾತೆಗೆ ಸೇರಿದುದು. ಅಕ್ಷರಶೈಲಿಗಳಾದರೋ ಯಂತ್ರಕ್ಕೆಲ್ಲ ಸಾಮಾನ್ಯವಾದುವು. ಯಾವುದು ಸ್ವಂತ, ಯಾವುದು ಸಮಾನ ಎಂಬ ಈ ವಿಂಗಡಣೆಯೇ ಸಮಸ್ಯೆಯ ಜೀವಾಳ.

ಇದೇ 2001ರಲ್ಲಿ ಬೆಂಗಳೂರಿನಿಂದ ಭಿನ್ನವಾದೊಂದು ಪರಿಹಾರವು ಹೊರಬಂದಿತು. ಭಾರತೀಯ ವಿಜ್ಞಾನ ಮಂದಿರದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮೊದಲಾದವರೂ ಎನ್ಕೋರ್ ಸಾಫ್ಟ್‌ವೇರ್‌ನ ತಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವು ಅದು. ಸರಳ, ಅಗ್ಗ, ಬಹುಭಾಷಿಕ ಎಂಬುದು ಅದರ ಹೆಸರಿನಲ್ಲಿಯೇ ಅಡಗಿದ್ದ ಧ್ಯೇಯ. ಕೊಳ್ಳಲಾರದವರು ಪಂಚಾಯಿತಿಯಿಂದಲೋ ಶಾಲೆಯಿಂದಲೋ ಅಂಗಡಿಯಿಂದಲೋ ಅದನ್ನು ಪಡೆದು ಬಳಸಬೇಕೆಂಬುದು ನಿರ್ಮಾಪಕರ ಆಶಯವಾಗಿತ್ತು. ಆದಕಾರಣ ಅವರು ಅದಕ್ಕೆ ಸ್ಮಾರ್ಟ್ ಕಾರ್ಡನ್ನು ಓದುವ ಸಾಧನವನ್ನು ಜೋಡಿಸಿದರು. ಯಂತ್ರವು ಊರಿನದು, ಬಳಕೆದಾರನ ವಿವರಗಳುಳ್ಳ ಕಾರ್ಡು ಅವನ ಜೇಬಿನದು. ಖಾತೆಯ ಪದ್ಧತಿಯಲ್ಲಿ ವ್ಯಕ್ತಿಯ ಗುರುತು ಯಂತ್ರದಲ್ಲಿ ಉಳಿದರೆ, ಇಲ್ಲಿ ಅದು ವ್ಯಕ್ತಿಯೊಡನೆಯೇ ಹೊರಟುಹೋಗುತ್ತಿತ್ತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತಾದರೂ ನಿರೀಕ್ಷಿಸಿದಷ್ಟು ಪ್ರಸಾರವನ್ನು ಪಡೆಯಲಿಲ್ಲ. ಮುಂದೆ ಅಗ್ಗವಾದ ಮೊಬೈಲು ಫೋನುಗಳು ಹರಡಿದಂತೆ ಯಂತ್ರವನ್ನು ಹಂಚಿಕೊಳ್ಳುವ ಅಗತ್ಯವೂ ಕುಗ್ಗಿತು.

ಆದರೂ ಆ ಪ್ರಯೋಗವು ಎತ್ತಿದ ಪ್ರಶ್ನೆ ಮುಗಿದಿಲ್ಲ. ಇಂದು ನಮ್ಮ ಇಷ್ಟಾನಿಷ್ಟಗಳು ಯಂತ್ರದಿಂದ ಯಂತ್ರಕ್ಕೆ ನಮ್ಮನ್ನು ಹಿಂಬಾಲಿಸುತ್ತವೆ. ಆದರೆ ಬಹುಮಟ್ಟಿಗೆ ಅವು ದೂರದ ಸಂಸ್ಥೆಗಳ ಸರ್ವರುಗಳಲ್ಲಿ ಶೇಖರವಾಗಿರುತ್ತವೆಯೇ ಹೊರತು ನಮ್ಮ ಜೇಬಿನಲ್ಲಿ ಅಲ್ಲ. ಯಂತ್ರವು ಸ್ವಂತವಾಯಿತು, ಏರ್ಪಾಡು ಪರಾಧೀನವಾಯಿತು. ಸಿಂಪ್ಯೂಟರಿನ ಕ್ರಮವು ಇದಕ್ಕೆ ತದ್ವಿರುದ್ಧವಾಗಿತ್ತು. ಆದುದರಿಂದಲೇ ಅದರ ಚರಿತ್ರೆ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ಅರ್ಹವಾಗಿದೆ.