ಆರದ ಬೆಳಕಿನಲ್ಲಿ ಆರುನೂರು ತಲೆಮಾರು

ಅಂಕಲಗಿಯ ಕಡೆ ಕಬ್ಬಿಗೆ ನೀರು ಹಾಯಿಸುವವರು ಕರೆಂಟು ಬರುವ ಹೊತ್ತಿಗೆ ಕಾದು ನಡುರಾತ್ರಿ ಹೊಲಕ್ಕೆ ಹೋಗುವುದನ್ನು ನೀವು ಬಲ್ಲಿರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಗೋಕಾಕ ಗಿರಣಿಯಿಂದಾಗಿ ‘ಪಾಳಿ’ ಎಂಬ ಮಾತೂ ಇಲ್ಲಿ ಹೊಸದಲ್ಲ. ರಾತ್ರಿ ದುಡಿದವರಿಗೆ ಹಗಲು ಎಷ್ಟು ಮಲಗಿದರೂ ನಿದ್ದೆ ತುಂಬುವುದಿಲ್ಲ. ಏಕೆಂದರೆ ಗಡಿಯಾರ ಗೋಡೆಯ ಮೇಲಷ್ಟೇ ಅಲ್ಲ, ಮೈಯೊಳಗೂ ಇದೆ.

ಇದರ ಮೊದಲ ಸುಳಿವು ಸಿಕ್ಕಿದ್ದು 1729ರಲ್ಲಿ. ಫ್ರಾನ್ಸಿನ ಮೈರಾನ್ ಕತ್ತಲಲ್ಲಿಟ್ಟ ಮುಟ್ಟಿದರೆ ಮುನಿ ಗಿಡದಂಥ ಸಸ್ಯ ಬಿಸಿಲು ಕಾಣದೆಯೂ ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಿತ್ತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದವರಲ್ಲಿ ಪ್ರೊ. ಎಂ. ಕೆ. ಚಂದ್ರಶೇಖರನ್ ಪ್ರಮುಖರು. ಮದುರೆ ಕಾಮರಾಜ ವಿಶ್ವವಿದ್ಯಾಲಯದಲ್ಲಿದ್ದಾಗ ಅವರೂ ಸಂಗಡಿಗರೂ ಕತ್ತಲೆಯ ಗುಹೆಯೊಳಗೆ ಬಾವಲಿಗಳನ್ನು ಪಂಜರದಲ್ಲಿಟ್ಟರು. ಸಂಜೆ ಹೊರಗೆ ಹಾರುವ ಬಳಗ ಜೊತೆಯಲ್ಲಿದ್ದರೆ ಸೆರೆಯ ಬಾವಲಿಗಳೂ ಅದೇ ಹೊತ್ತಿಗೆ ಚುರುಕಾಗುತ್ತಿದ್ದವು. ಬಳಗವಿಲ್ಲದ ಗುಹೆಯಲ್ಲಿ ಲಯ ನಿಲ್ಲಲಿಲ್ಲ, ಆದರೆ ಹೊರಗಿನ ದಿನಕ್ಕೆ ತಪ್ಪಿ ನಡೆಯಿತು. 1981ರಲ್ಲಿ ಪ್ರಕಟವಾದ ಈ ಪ್ರಯೋಗದ ಸೊಗಸು ನೋಡಿ: ಬಾವಲಿಗೆ ಗಂಟೆ ಬಾರಿಸಿದ್ದು ಸೂರ್ಯನಲ್ಲ, ನೆರೆಹೊರೆ!

ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಶೀಬಾ, ವಿಜಯಕುಮಾರ್ ಶರ್ಮಾ, ಅಮಿತಾಭ್ ಜೋಶಿ ಅವರೊಡನೆ 1999ರಲ್ಲಿ ಹಣ್ಣಿನ ನೊಣದ ಕುರಿತ ಒಂದು ಫಲಿತಾಂಶ ಪ್ರಕಟಿಸಿದರು. ಆರುನೂರಕ್ಕೂ ಹೆಚ್ಚು ತಲೆಮಾರು ಸದಾ ಬೆಳಕಿನಲ್ಲೇ, ಹಗಲು–ರಾತ್ರಿಯ ಭೇದವನ್ನೇ ಕಾಣದೆ ಬೆಳೆದ ನೊಣಗಳವು. ಅವುಗಳ ಸಂತತಿಯನ್ನು ಕತ್ತಲಲ್ಲಿಟ್ಟಾಗ ಕೋಶದಿಂದ ಮರಿನೊಣಗಳು ಹೊರಬಂದದ್ದು ಸುಮಾರು ಒಂದು ದಿನದ ಲಯದಲ್ಲೇ. ಅಷ್ಟು ತಲೆಮಾರು ಬಳಸದಿದ್ದರೂ ಗಡಿಯಾರ ಅಳಿಸಿರಲಿಲ್ಲ.

ಹಾಗಾದರೆ ಇದಕ್ಕೂ ಕ್ಯಾನ್ಸರಿಗೂ ಏನು ನಂಟು? ಕೋಶಗಳು ಯಾವಾಗ ಒಡೆಯಬೇಕು, ಕೆಟ್ಟ ಡಿಎನ್ಎ ಯಾವಾಗ ದುರಸ್ತಿಯಾಗಬೇಕು ಎಂಬುದರಲ್ಲೂ ಗಡಿಯಾರದ ಕೈವಾಡವಿದೆ. 2002ರಲ್ಲಿ ಅಮೆರಿಕದ ಸಂಶೋಧಕರು ಗಡಿಯಾರದ ಒಂದು ಜೀನು ಕೆಟ್ಟ ಇಲಿಗಳಿಗೆ ವಿಕಿರಣ ಹಾಯಿಸಿದಾಗ ಅವುಗಳಲ್ಲಿ ಗೆಡ್ಡೆಗಳು ಹೆಚ್ಚಾಗಿ ಕಂಡವು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿತು. 2019ರ ಮರುಪರಿಶೀಲನೆಯಲ್ಲಿ ರಾತ್ರಿ ಪಾಳಿ ಅಲ್ಲೇ ಉಳಿಯಿತು. ‘ಬಹುಶಃ’ ಎಂಬುದನ್ನು ಮರೆಯಬೇಡಿ: ರಾತ್ರಿ ದುಡಿದವರಿಗೆಲ್ಲ ರೋಗ ಬರುತ್ತದೆಂದು ಇದರ ಅರ್ಥವಲ್ಲ.

ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡಿರೆಂದು ರೈತರು ಕೇಳುವುದು ಹಾವು–ಚೇಳಿನ ಭಯದಿಂದ. ಆ ಬೇಡಿಕೆಗೆ ಈಗ ಇನ್ನೊಂದು ಕಾರಣವೂ ಸಿಕ್ಕಿದೆ.