ಶಲವಡಿಯ ಗೋಡೆ, ಬಿಳೀ ರಿಮೋಟು ಮತ್ತು ತಿರುಗುಮುರುಗು ವಿಳಾಸ

ಮೊನ್ನೆ ಭಾನುವಾರ ಊರಿಂದ ಅಕ್ಕನ ಮಗ ಫೋನ್ ಮಾಡಿದ್ದ. ಅಟ್ಟ ಹಸನು ಮಾಡುವಾಗ ಹಳೇ ಡಬ್ಬಿಯೊಂದರಲ್ಲಿ ಬಿಳೀ ರಿಮೋಟು ಸಿಕ್ಕಿತಂತೆ. "ಮಾಮಾ, ನಾ ಕೆಡಿಸೀನಿ ಅಂತ ಬೈದಿದ್ರಲ್ಲ, ಅದ ರಿಮೋಟ್ ನೋಡ್ರಿ" ಅಂದ. ನಗುತ್ತಲೇ ಅಂದ. ನನಗೆ ಮಾತ್ರ ನಗು ಬರಲಿಲ್ಲ. ಆ ರಿಮೋಟನ್ನು ಅವನು ಕೆಡಿಸಿರಲಿಲ್ಲ. ಅಸಲಿಗೆ ಅದು ಕೆಟ್ಟೇ ಇರಲಿಲ್ಲ. ಇದು ನನಗೆ ಗೊತ್ತಾಗಿ ಎಷ್ಟೋ ವರ್ಷ ಆಯಿತು, ಅವನಿಗೆ ಹೇಳಿರಲಿಲ್ಲ ಅಷ್ಟೇ.

ಕಥೆ 2009ರದು. ಆಗಿನ ನವಲಗುಂದ ತಾಲೂಕಿನ ಶಲವಡಿ ನಮ್ಮೂರು. ಪಂಚಮಿ ಹಬ್ಬಕ್ಕೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಆ ರಿಮೋಟು ಇತ್ತು. ಅಮೆರಿಕದಲ್ಲಿದ್ದ ಗೆಳೆಯನೊಬ್ಬ ಬಳಸಿ ಬಿಟ್ಟದ್ದು. ನಿಂಟೆಂಡೊದವರು 2006ರಲ್ಲಿ ತಂದ ವೀ ಎಂಬ ಆಟದ ಯಂತ್ರದ ರಿಮೋಟು. ಆದರೆ ನನಗೆ ಆಟ ಬೇಕಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಜಾನಿ ಚುಂಗ್ ಲೀ ಎಂಬಾತ 2007ರ ಕೊನೆಗೆ ಯೂಟ್ಯೂಬಿನಲ್ಲಿ ಹಾಕಿದ ವಿಡಿಯೋ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಈ ರಿಮೋಟಿನ ಮೂತಿಯಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಒಮ್ಮೆಗೆ ನಾಲ್ಕು ಬೆಳಕಿನ ಚುಕ್ಕೆಗಳನ್ನು ಅದು ಹಿಂಬಾಲಿಸುತ್ತದೆ. ಪೆನ್ನಿನ ತುದಿಗೆ ಇನ್‌ಫ್ರಾರೆಡ್ ಎಲ್‌ಇಡಿ ಕಟ್ಟಿ, ಪ್ರೊಜೆಕ್ಟರಿನ ಚಿತ್ರ ಬಿದ್ದ ಗೋಡೆಯ ಮೇಲೆ ಬರೆದರೆ ಕಂಪ್ಯೂಟರಿನಲ್ಲಿ ಮೌಸ್ ಓಡಾಡುತ್ತದೆ. ಲಕ್ಷಗಟ್ಟಲೆ ಬೆಲೆಯ ಬೋರ್ಡಿನ ಕೆಲಸವನ್ನು ನಲವತ್ತು ಡಾಲರಿನ ರಿಮೋಟು ಮಾಡುತ್ತದೆ!

ಊರಿನ ಶಾಲೆಯ ಹುಡುಗರಿಗೆ ಇದನ್ನು ತೋರಿಸಬೇಕು ಅಂತ ನನ್ನ ಹುಚ್ಚು. ಪ್ರೊಜೆಕ್ಟರ್ ಕಡ ತಂದಿದ್ದೆ. ಹತ್ತು ವರ್ಷದ ಅಳಿಯನೇ ನನ್ನ ಅಸಿಸ್ಟೆಂಟ್. ಎರಡು ದಿನ ಆ ರಿಮೋಟನ್ನು ಕೈಬಿಟ್ಟವನಲ್ಲ. ಮೂರನೇ ದಿನ ಮಾಸ್ತರು ಬಂದು ಕುಂತರು, ಓಣಿಯ ಹುಡುಗರೆಲ್ಲ ಸೇರಿದರು. ರಿಮೋಟಿನ 1 ಮತ್ತು 2 ಗುಂಡಿ ಒತ್ತಿದೆ. ನಾಲ್ಕು ನೀಲಿ ದೀಪ ಮಿಣಮಿಣ ಅಂದವು. ಕಂಪ್ಯೂಟರು ರಿಮೋಟನ್ನು ಕಂಡುಹಿಡಿದು ಪಾಸ್‌ಕೀ ಕೇಳಿತು. 0000 ಕೊಟ್ಟೆ, ಇಲ್ಲ. 1234 ಕೊಟ್ಟೆ, ಇಲ್ಲ. ಅಷ್ಟರಲ್ಲಿ ದೀಪ ಆರಿತು. ಮತ್ತೆ ಒತ್ತಿದೆ, ಮತ್ತೆ ಆರಿತು. ಒಂದು ತಾಸು ಇದೇ ಪರದಾಟ, ಆಮೇಲೆ ಕರೆಂಟೂ ಹೋಯಿತು. ಮಾಸ್ತರು "ಇರಲಿ ಬಿಡ್ರಿ, ಮುಂದಿನ ಸಲ ನೋಡೂಣು" ಅಂತ ಎದ್ದರು. ಮರ್ಯಾದೆ ಹೋದ ಸಿಟ್ಟಿನಲ್ಲಿ ನಾನು ಹುಡುಗನ ಕಡೆ ತಿರುಗಿದೆ. "ಖರೇ ಹೇಳು, ಎಲ್ಲೆ ಕೆಡವಿ ಇದನ್ನ?" "ಆಣಿ ಮಾಡಿ ಹೇಳ್ತೀನ್ರಿ ಮಾಮಾ, ನಾ ಕೆಡವಿಲ್ಲ" ಅಂದ. ನಾನು ನಂಬಲಿಲ್ಲ.

ಹಾಗಾದರೆ ತಪ್ಪು ಎಲ್ಲಿತ್ತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1994ರ ಸುಮಾರಿಗೆ ಯಾಪ್ ಹಾರ್ಟ್ಸನ್ ಮತ್ತು ಸಂಗಡಿಗರು ಕೇಬಲ್ಲಿನ ಬದಲು ಸಣ್ಣ ರೇಡಿಯೋ ಬಳಸುವ ಕೆಲಸ ಶುರು ಮಾಡಿದರು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ ಒಂದು ಕೂಟ ಕಟ್ಟಿದವು. ಹೆಸರು ಸೂಚಿಸಿದ್ದು ಇಂಟೆಲ್‌ನ ಜಿಮ್ ಕಾರ್ಡಾಕ್, 1997ರಲ್ಲಿ. ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡ್‌ನ ಅಡ್ಡಹೆಸರು ನೀಲಿಹಲ್ಲು. ಚದುರಿದ ನಾಡನ್ನು ಒಂದು ಮಾಡಿದವ. ತಾತ್ಕಾಲಿಕವಾಗಿ ಇಟ್ಟ ಹೆಸರೇ ಗಟ್ಟಿಯಾಯಿತು. ಅಂದ ಹಾಗೆ, 1999ರಲ್ಲಿ ಶುರುವಾದ ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಯೂ ಈಥರ್‌ಮೈಂಡ್ ಎಂಬ ಬ್ಲೂಟೂತ್ ತಂತ್ರಾಂಶ ಮಾಡಿ ಬೇರೆಯವರಿಗೆ ಲೈಸೆನ್ಸ್ ಕೊಡುತ್ತಿತ್ತು.

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ಅಲ್ಲಿ 79 ಚಾನೆಲ್ಲುಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಹೀಗೆ ಜಿಗಿಯುವ ಯೋಚನೆ ಹಳೆಯದು. ಸಿನಿಮಾ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ದೇಶದಲ್ಲಿ ಈ ಅಲೆಯ ಸಣ್ಣ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಡ ಅಂತ ನಿಯಮ ಬಂದದ್ದು 2005ರ ಜನವರಿಯಲ್ಲಿ.

ಗಾಳಿಯಲ್ಲಿ ಮಾತಾಡಿದರೆ ಯಾರಾದರೂ ಕೇಳಿಸಿಕೊಳ್ಳಬಹುದಲ್ಲ? ಅದಕ್ಕೇ ಪೇರಿಂಗ್. ಹಳೇ ಪದ್ಧತಿಯಲ್ಲಿ ಎರಡೂ ಕಡೆ ಒಂದೇ ಗುಟ್ಟಿನ ಪಿನ್ ಇರಬೇಕು. ಅದರಿಂದ ಕೀಲಿಯೊಂದು ಹುಟ್ಟುತ್ತದೆ. ಕೀಬೋರ್ಡ್ ಇದ್ದರೆ ಪಿನ್ ಒತ್ತಬಹುದು. ಇಲ್ಲದ ಹೆಡ್‌ಸೆಟ್ಟಿಗೆ ಕಂಪನಿಯವರೇ 0000 ಅಂತ ಬರೆದಿಟ್ಟಿರುತ್ತಾರೆ. ಪಿನ್ ಕಾಟ ತಪ್ಪಿಸುವ ಹೊಸ ಪದ್ಧತಿ ಬಂದದ್ದು 2007ರ 2.1 ಆವೃತ್ತಿಯಲ್ಲಿ. ವೀ ರಿಮೋಟು ಅದಕ್ಕಿಂತ ಮೊದಲಿನದು.

ಈ ರಿಮೋಟಿನವರು ಮಾಡಿದ ಉಪಾಯ ಮಜವಾಗಿದೆ. ಪ್ರತಿ ಬ್ಲೂಟೂತ್ ಸಾಧನಕ್ಕೂ ಆರು ಬೈಟಿನ ವಿಳಾಸ ಇರುತ್ತದೆ. ಆ ವಿಳಾಸವನ್ನು ಹಿಂದುಮುಂದು ಮಾಡಿದರೆ ಅದೇ ಪಿನ್! ಮನೆ, ಓಣಿ, ಊರು, ತಾಲೂಕು, ಜಿಲ್ಲೆ, ರಾಜ್ಯ ಅಂತ ಬರೆಯುವ ಬದಲು ರಾಜ್ಯದಿಂದ ಶುರು ಮಾಡಿ ಮನೆಗೆ ಬಂದ ಹಾಗೆ. 1 ಮತ್ತು 2 ಒತ್ತಿದರೆ ರಿಮೋಟಿನದೇ ವಿಳಾಸ, ಬ್ಯಾಟರಿ ಮುಚ್ಚಳದ ಒಳಗಿನ ಕೆಂಪು ಗುಂಡಿ ಒತ್ತಿದರೆ ಎದುರಿನ ಯಂತ್ರದ ವಿಳಾಸ. ಆದರೆ ಇದು ಅಂಕಿಗಳ ಸಾಲಲ್ಲ, ಹಸಿ ಬೈಟುಗಳು. ಒಂದೊಂದು ಬೈಟು 256 ಬೆಲೆಗಳಲ್ಲಿ ಯಾವುದೂ ಆಗಬಹುದು. ಅವುಗಳಲ್ಲಿ ಎಷ್ಟೋ ಕೀಬೋರ್ಡಿನಲ್ಲಿ ಒತ್ತಲಿಕ್ಕೇ ಬರುವುದಿಲ್ಲ. ನಾನು ಆ ದಿನ ಸಂಜೆತನಕ ನಂಬರು ಹಾಕುತ್ತ ಕುಂತಿದ್ದರೂ ಸರಿ ಉತ್ತರ ಬರುತ್ತಿರಲಿಲ್ಲ.

ಮದ್ದು ಬಲು ಸರಳ ಇತ್ತು: ಪಿನ್ ಕೊಡಬಾರದು! 1 ಮತ್ತು 2 ಒತ್ತಿದಾಗ ಈ ರಿಮೋಟು ಪಿನ್ ಇಲ್ಲದೆಯೂ ಜೋಡಿಯಾಗುತ್ತದೆ. ಆಗಿನ ವಿಂಡೋಸಿನಲ್ಲಿ "ಪಾಸ್‌ಕೀ ಬೇಡ" ಎಂಬ ಆಯ್ಕೆ ಅದೇ ಪರದೆಯಲ್ಲಿ, ನನ್ನ ಕಣ್ಣೆದುರೇ ಇತ್ತು. ಇನ್ನು ದೀಪ ಆರಿದ್ದು? ರಿಮೋಟು ಸುಮಾರು 20 ಸೆಕೆಂಡು ಮಾತ್ರ ತನ್ನನ್ನು ತೋರಿಸಿಕೊಂಡು ಸುಮ್ಮನಾಗುತ್ತದೆ. ಅದು ರೋಗವಲ್ಲ, ಸ್ವಭಾವ.

ಪಿನ್ ಇಲ್ಲದ ಜೋಡಿಯಲ್ಲೂ ಒಂದು ತೊಂದರೆ ಇದೆ. ರಿಮೋಟು ನಿಮ್ಮ ಕಂಪ್ಯೂಟರನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆರಿಸಿ ಹಚ್ಚಿದರೆ ಮತ್ತೆ ಮೊದಲಿಂದ ಶುರು. 2010ರ ಕೊನೆಗೆ ಬಂದ ಪ್ಲಸ್ ಮಾದರಿಯ ಕೆಲವು ರಿಮೋಟುಗಳ ಬ್ಲೂಟೂತ್ ಹೆಸರಿಗೆ "ಟಿಆರ್" ಎಂಬ ಬಾಲ ಸೇರಿತು. ಹಳೇ ಹೆಸರನ್ನೇ ಹುಡುಕುತ್ತಿದ್ದ ಪ್ರೋಗ್ರಾಮುಗಳಿಗೆ ಅವು ಕಾಣಲೇ ಇಲ್ಲ. ಸೋನಿಯವರದು ಬೇರೆ ದಾರಿ. ಅವರ 2010ರ ಮೂವ್ ಕೋಲನ್ನು ಮೊದಲು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಬೇಕು, ಕಂಪ್ಯೂಟರಿನ ವಿಳಾಸ ಅದರೊಳಗೆ ಬರೆಯಬೇಕು, ಆಮೇಲೆ ಕೇಬಲ್ ಕೀಳಬೇಕು.

ಈ ಗುಟ್ಟುಗಳನ್ನು ಬಿಡಿಸಿದವರು ಹೆಚ್ಚಾಗಿ ಬಿಡುವಿನಲ್ಲಿ ಕೂತ ಹವ್ಯಾಸಿಗಳು. ಬ್ರಯಾನ್ ಪೀಕ್ 2007ರಲ್ಲಿ ವಿಂಡೋಸಿಗೆ ವೀಮೋಟ್‌ಲಿಬ್ ಬರೆದರು. ಡೇವಿಡ್ ಹೆರ್ಮಾನ್ ಬರೆದ ಡ್ರೈವರು 2011ರಲ್ಲಿ ಲಿನಕ್ಸ್ ಕರ್ನೆಲ್ 3.1ರೊಳಗೇ ಸೇರಿತು. ಲಿನಕ್ಸಿನ ಬ್ಲೂಟೂತ್ ತಂತ್ರಾಂಶಕ್ಕೂ ಒಂದು ಪ್ಲಗಿನ್ ಬಂತು. ತಿರುಗುಮುರುಗು ವಿಳಾಸವನ್ನು ಅದೇ ಲೆಕ್ಕ ಹಾಕಿ ಕೊಡುತ್ತದೆ. ನಾನು ಈ ವಿಷಯ ಓದಿದ್ದು ಆಗಲೇ. ಓದಿದ ದಿನ ಮೊದಲು ನೆನಪಾದದ್ದು ಆ ಹುಡುಗನ ಮುಖ. ಆದರೂ ಫೋನ್ ಮಾಡಲಿಲ್ಲ. ದೊಡ್ಡವರ ತಪ್ಪು ದೊಡ್ಡವರಿಗೆ ಸಣ್ಣದಾಗೇ ಕಾಣುತ್ತದೆ ನೋಡಿ.

ಮೊನ್ನೆ ಅವನಿಗೆ ಎಲ್ಲ ಹೇಳಿದೆ. "ತಪ್ಪು ನಂದ ಐತೆಪಾ, ನೀ ಏನೂ ಮಾಡಿದ್ದಿಲ್ಲ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಗೊತ್ತಿತ್ರಿ ಮಾಮಾ, ನಾ ಕೆಡವಿದ್ದಿಲ್ಲಲ್ಲ" ಅಂದ.

ಹಳೇ ಸೆಲ್ಲು ಸೋರಿ ಬಿಳೀ ಪುಡಿ ಕಟ್ಟಿತ್ತಂತೆ. ಲಿಂಬೆಹಣ್ಣಿನ ರಸ ಹಚ್ಚಿ ಒರೆಸಿ, ಒಣಗಿಸಿ, ಹೊಸ ಸೆಲ್ಲು ಹಾಕಿದ. ಅವನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಕೆಂಪು ಗುಂಡಿ ಒತ್ತು ಅಂದೆ. "ನಾಕೂ ದೀಪ ಹತ್ತಿದೂರಿ... ಕನೆಕ್ಟ್ ಅಂತ ಬಂತು!" ಅಂದ. ಬರೋ ಪಂಚಮಿಗೆ ಊರಿಗೆ ಹೊರಟಿದ್ದೇನೆ. ಗೋಡೆ ಅಲ್ಲೇ ಇದೆ, ಪ್ರೊಜೆಕ್ಟರ್ ನಾನು ತರಬೇಕು, ಬರೆಯುವವನು ಅವನು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ "ಕೆಟ್ಟ" ಸಾಮಾನು ಏನಾದರೂ ಇದೆಯಾ? ಯಾರನ್ನು ಬೈದಿದ್ದಿರಿ, ನೆನಪು ಮಾಡಿಕೊಂಡು ಬರೆಯಿರಿ :)